ಕೂಡಿ ಬಾಳಿದ ಕೋಶಗಳು ಒಂದು ಜೀವಿಯಾದ ಬಗೆ

ವಿಕಾಸವಾದದ ಮಾತು ಬಂದಾಗಲೆಲ್ಲ ಸುಶಿಕ್ಷಿತರ ನಡುವೆಯೂ ತಪ್ಪದೆ ಕೇಳಿಬರುವ ಒಂದು ಪ್ರಶ್ನೆಯಿದೆ: ‘ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿಯಿಂದ ಆನೆ, ತಿಮಿಂಗಿಲ, ಮನುಷ್ಯ ಎಲ್ಲರೂ ಬಂದರು ಎನ್ನುತ್ತೀರಲ್ಲ, ನಡುವಿನ ಕೊಂಡಿ ಎಲ್ಲಿದೆ? ತೋರಿಸಿ.’ ಕೇಳುವವರ ಮನಸ್ಸಿನಲ್ಲಿ ಬಹುಮಟ್ಟಿಗೆ ಇರುವುದು ಮಣ್ಣಿನಡಿ ಹೂತುಹೋಗಿರುವ ಯಾವುದೋ ಎಲುಬಿನ ತುಂಡು. ಅದು ಸಿಕ್ಕಿಲ್ಲವೆಂಬ ಕಾರಣಕ್ಕೆ ಇಡೀ ಸಿದ್ಧಾಂತವೇ ಸಂಶಯಾಸ್ಪದವೆಂದು ತೀರ್ಮಾನಿಸುವವರೂ ಉಂಟು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವನ್ನು ಹುಡುಕಲು ನೆಲ ಅಗೆಯಬೇಕಾಗಿಲ್ಲ. ಒಂಟಿಕೋಶದ ಬಾಳಿಗೂ ಬಹುಕೋಶದ ಬಾಳಿಗೂ ನಡುವೆ ನಿಂತ ಜೀವಿಗಳು ಇಂದಿಗೂ ಕೆರೆ, ಹೊಂಡ, ಕಡಲುಗಳಲ್ಲಿ ಜೀವಂತವಾಗಿವೆ. ಅವು ನಮ್ಮ ಪೂರ್ವಜರಲ್ಲ. ನಮ್ಮ ಪೂರ್ವಜರು ಒಮ್ಮೆ ಎದುರಿಸಿದ ಸಮಸ್ಯೆಯನ್ನು ಇಂದಿಗೂ ಎದುರಿಸುತ್ತಿರುವ ದೂರದ ದಾಯಾದಿಗಳು. ನಾನು ಜೀವವಿಜ್ಞಾನಿಯಲ್ಲ, ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದವನು. ಆದರೂ ಈ ಜೀವಿಗಳ ಬಗ್ಗೆ ಓದಿದಷ್ಟೂ ನನಗೆ ಪರಿಚಿತವಾದ ಪ್ರಶ್ನೆಗಳೇ ಎದುರಾಗುತ್ತವೆ. ಬಿಡಿಬಿಡಿಯಾಗಿ ಬಾಳಬಲ್ಲವರು ಒಟ್ಟುಗೂಡುವುದೇಕೆ? ಕೂಡಿದ ಮೇಲೆ ಕೆಲಸ ಹಂಚಿಕೊಳ್ಳುವುದು ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ಪರರ ದುಡಿಮೆಯ ಮೇಲೆ ಬದುಕುವವನನ್ನು ತಡೆಯುವುದು ಹೇಗೆ?

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಭೂಮಿಯ ಮೇಲೆ ಜೀವ ಕಾಣಿಸಿಕೊಂಡು ಕನಿಷ್ಠ 350 ಕೋಟಿ ವರ್ಷಗಳಾಗಿವೆ. ಪ್ರಾಣಿಗಳ ಸ್ಪಷ್ಟ ಪಳೆಯುಳಿಕೆಗಳಾದರೋ 60 ಕೋಟಿ ವರ್ಷಗಳಿಂದೀಚಿನವು. ಎಂದರೆ ಜೀವ ಚರಿತ್ರೆಯ ಬಹುಭಾಗ ಪ್ರಾಣಿಗಳಿಲ್ಲದೆಯೇ ಸಾಗಿತು. ಆದರೆ ಕೋಶಗಳು ಕೂಡಿ ಬಾಳುವ ಪ್ರಯೋಗ ಒಮ್ಮೆ ಮಾತ್ರ ನಡೆದದ್ದಲ್ಲ. ಬೇರೆ ಬೇರೆ ಜೀವಕುಲಗಳಲ್ಲಿ ಕನಿಷ್ಠ 25 ಬಾರಿ ಬಹುಕೋಶೀಯತೆ ಸ್ವತಂತ್ರವಾಗಿ ಮೂಡಿದೆಯೆಂಬುದು ವಿಜ್ಞಾನಿಗಳ ಅಂದಾಜು. ಅವುಗಳಲ್ಲಿ ಪ್ರಾಣಿ, ಸಸ್ಯ, ಶಿಲೀಂಧ್ರ, ಕೆಂಪು ಮತ್ತು ಕಂದು ಕಡಲಪಾಚಿಗಳಂಥ ಕೆಲವೇ ಕುಲಗಳು ಸಂಕೀರ್ಣ ದೇಹ ಕಟ್ಟುವ ಹಂತ ತಲುಪಿದವು. ಕೂಡುವುದು ಸುಲಭ, ಕೂಡಿ ಒಂದಾಗುವುದು ದುರ್ಲಭ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಈ ದಾರಿಯ ಹೆಜ್ಜೆಗಳನ್ನು ಸ್ಪಷ್ಟವಾಗಿ ಕಾಣಬಹುದಾದ ಕುಲವೆಂದರೆ ಸಿಹಿನೀರಿನ ಹಸಿರು ಪಾಚಿಗಳದು. 1700ರ ಜನವರಿಯಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವೆನ್‌ಹುಕ್ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ತಾನು ಸೂಕ್ಷ್ಮದರ್ಶಕದಡಿ ಕಂಡ ಉರುಳುವ ಹಸಿರು ಗೋಲಗಳನ್ನು ವರ್ಣಿಸಿದ್ದ. 1758ರಲ್ಲಿ ಲಿನೇಯಸ್ ಆ ಜೀವಿಗೆ ‘ವಾಲ್ವಾಕ್ಸ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನ ‘ಉರುಳು’ ಎಂಬರ್ಥದ ಧಾತುವಿನಿಂದ ಬಂದ ಹೆಸರದು.

ವಾಲ್ವಾಕ್ಸ್ ಕುಟುಂಬವನ್ನು ಸಾಲಾಗಿ ನಿಲ್ಲಿಸಿದರೆ ನಮ್ಮ ಪ್ರಶ್ನಕರ್ತರು ಬಯಸುವ ‘ನಡುವಿನ ಕೊಂಡಿ’ಗಳು ಒಂದಲ್ಲ, ಹಲವು ಸಿಗುತ್ತವೆ. ಮೊದಲಿಗೆ ಕ್ಲಾಮಿಡೊಮೊನಾಸ್: ಒಂದೇ ಕೋಶ, ಈಜಲು ಚಾವಟಿಯಂಥ ಎರಡು ಕಶಾಂಗಗಳು, ಸ್ವತಂತ್ರ ಜೀವನ. ನಂತರ ಗೋನಿಯಮ್: ಅಂಥವೇ 8 ಅಥವಾ 16 ಕೋಶಗಳು ಚಪ್ಪಟೆ ತಟ್ಟೆಯಂತೆ ಅಂಟಿಕೊಂಡಿರುತ್ತವೆ. ಪ್ಯಾಂಡೊರೈನಾದಲ್ಲಿ ಸಾಮಾನ್ಯವಾಗಿ 16 ಕೋಶಗಳ ಉಂಡೆ, ಯೂಡೊರೈನಾದಲ್ಲಿ 32. ಇಲ್ಲಿಯವರೆಗೆ ಎಲ್ಲ ಕೋಶಗಳೂ ಸರಿಸಮಾನ. ಈಜುವುದೂ ಅವೇ, ಸಂತಾನ ಹಡೆಯುವುದೂ ಅವೇ. ಪ್ಲಿಯೊಡೊರೈನಾದ ಹಂತಕ್ಕೆ ಬಂದಾಗ ಮುಂಭಾಗದ ಕೆಲವು ಕೋಶಗಳು ಸಂತಾನದ ಹಕ್ಕನ್ನು ತೊರೆದು ಕೇವಲ ಈಜುವ ಕೆಲಸಕ್ಕೆ ನಿಲ್ಲುತ್ತವೆ. ಕೊನೆಗೆ ವಾಲ್ವಾಕ್ಸ್. ಅದರ ಒಂದು ಪ್ರಭೇದದಲ್ಲಿ ಸುಮಾರು 2,000 ಪುಟ್ಟ ಕೋಶಗಳು ಗೋಲದ ಹೊರಮೈಯಲ್ಲಿ ಹುಟ್ಟು ಹಾಕುತ್ತಿದ್ದರೆ, ಒಳಗೆ ಸುಮಾರು 16 ದೊಡ್ಡ ಕೋಶಗಳು ಮಾತ್ರ ಮುಂದಿನ ತಲೆಮಾರನ್ನು ಹೆರುತ್ತವೆ. ಮರಿಗೋಲಗಳು ಹೊರಬಿದ್ದ ಕೆಲವೇ ದಿನಗಳಲ್ಲಿ ಆ 2,000 ಕೋಶಗಳು ಸಾಯುತ್ತವೆ. ದೇಹ ಮತ್ತು ಬೀಜ ಎಂಬ ವಿಭಜನೆ, ಅದರೊಡನೆ ವಯೋಸಹಜ ಮರಣ, ಇವೆರಡೂ ಕಡಲೆಕಾಳಿಗಿಂತ ಚಿಕ್ಕದಾದ ಈ ಹಸಿರು ಚೆಂಡಿನಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ಈ ತ್ಯಾಗಕ್ಕೆ ಒಂದು ಆರ್ಥಿಕ ತರ್ಕವಿದೆ. ಕ್ಲಾಮಿಡೊಮೊನಾಸ್ ವಿಭಜನೆಗೆ ಸಿದ್ಧವಾಗುವಾಗ ತನ್ನ ಕಶಾಂಗಗಳನ್ನು ಒಳಗೆಳೆದುಕೊಳ್ಳಬೇಕು. ಏಕಕಾಲದಲ್ಲಿ ಈಜುವುದೂ ಒಡೆದು ಎರಡಾಗುವುದೂ ಅದಕ್ಕೆ ಸಾಧ್ಯವಿಲ್ಲ. ಒಂಟಿಕೋಶಕ್ಕೆ ಇದೇನೂ ದೊಡ್ಡ ನಷ್ಟವಲ್ಲ. ಆದರೆ ನೂರಾರು ಕೋಶಗಳ ಭಾರವಾದ ಗುಂಪು ಈಜು ನಿಲ್ಲಿಸಿದರೆ ಬೆಳಕಿನಿಂದ ದೂರವಾಗಿ ತಳಕ್ಕೆ ಮುಳುಗುತ್ತದೆ. ಆದ್ದರಿಂದ ಕೆಲವರು ಸದಾ ಹುಟ್ಟು ಹಾಕುತ್ತಿರಲೇಬೇಕು. ಆಡಮ್ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಕೊಟ್ಟು, ಹತ್ತು ಮಂದಿ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ ತಯಾರಿಸಬಲ್ಲರೆಂದು ವಿವರಿಸಿದ್ದ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ಕಂಠಪಾಠ ಮಾಡಿದ ಶ್ರಮವಿಭಜನೆಯ ಆ ತತ್ತ್ವವನ್ನು ಪಾಚಿಗಳು 20 ಕೋಟಿ ವರ್ಷಗಳಿಗೂ ಹಿಂದೆಯೇ ಆಚರಣೆಗೆ ತಂದಿದ್ದವು.

ಇಷ್ಟು ದೊಡ್ಡ ಬದಲಾವಣೆಗೆ ಎಷ್ಟು ಹೊಸ ಬಂಡವಾಳ ಬೇಕಾಯಿತು? ಇಲ್ಲಿದೆ ಅಚ್ಚರಿ. ಕ್ಲಾಮಿಡೊಮೊನಾಸ್‌ನ ಸಂಪೂರ್ಣ ಜೀನೋಮ್ 2007ರಲ್ಲಿಯೂ ವಾಲ್ವಾಕ್ಸ್‌ನದು 2010ರಲ್ಲಿಯೂ ಪ್ರಕಟವಾದವು. ಎರಡರಲ್ಲೂ ವಂಶವಾಹಿಗಳ ಸಂಖ್ಯೆ ಸರಿಸುಮಾರು 14,500. ಒಂಟಿಜೀವಿಯೂ ಸಂಘಜೀವಿಯೂ ಬಹುತೇಕ ಒಂದೇ ಸಲಕರಣೆಗಳಿಂದ ಸಂಸಾರ ನಡೆಸುತ್ತಿವೆ. ಹಳೆಯ ವಂಶವಾಹಿಗಳನ್ನು ಹೊಸ ಉದ್ದೇಶಕ್ಕೆ ಬಳಸಿಕೊಳ್ಳುವುದೇ ಪ್ರಕೃತಿಯ ರೀತಿ. ವಾಲ್ವಾಕ್ಸ್‌ನಲ್ಲಿ ‘ರೆಗ್-ಎ’ ಎಂಬ ವಂಶವಾಹಿಯೊಂದು ಹೊರಮೈಯ ಕೋಶಗಳು ಸಂತಾನಕ್ಕೆ ಕೈಹಾಕದಂತೆ ಕಾಯುತ್ತದೆ. ಅದು ಕೆಟ್ಟರೆ, ಈಜುತ್ತಿದ್ದ ಕೋಶಗಳು ಹುಟ್ಟು ಹಾಕುವುದನ್ನು ಬಿಟ್ಟು ದೊಡ್ಡದಾಗಿ ಬೆಳೆದು ತಾವೇ ವಿಭಜಿಸತೊಡಗುತ್ತವೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ನಾವು ಮತ್ತೆ ಇದೇ ಸ್ಥಳಕ್ಕೆ ಬರಬೇಕಾಗುತ್ತದೆ.

ವಾಲ್ವಾಕ್ಸ್ ಉತ್ತಮ ಮಾದರಿಯೇ ಹೊರತು ಪ್ರಾಣಿಗಳ ಮೂಲವಲ್ಲ. ಅದು ಸಸ್ಯಗಳ ಕಡೆಯ ನೆಂಟ. ಹಾಗಾದರೆ ಪ್ರಾಣಿಗಳಿಗೆ ತೀರ ಹತ್ತಿರದ ಏಕಕೋಶ ಬಂಧು ಯಾರು? 1860ರ ದಶಕದಲ್ಲಿ ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ ಎಂಬ ನಿಸರ್ಗವಿಜ್ಞಾನಿ ಒಂದು ಕುತೂಹಲದ ಹೋಲಿಕೆಯನ್ನು ಗುರುತಿಸಿದ. ನೀರಿನಲ್ಲಿ ವಾಸಿಸುವ ಕೆಲವು ಏಕಕೋಶ ಜೀವಿಗಳಿಗೆ ಒಂದೇ ಕಶಾಂಗವಿದ್ದು, ಅದರ ಬುಡದ ಸುತ್ತ ಅಂಗಿಯ ಕೊರಳಪಟ್ಟಿಯಂಥ ರಚನೆಯಿತ್ತು. ಸ್ಪಂಜುಗಳ ಒಳಗೋಡೆಯಲ್ಲಿರುವ ಕೋಶಗಳೂ ಬಹುತೇಕ ಹಾಗೆಯೇ ಇದ್ದವು. ಕಶಾಂಗ ಬೀಸಿ ನೀರನ್ನು ಎಳೆಯುವುದು, ನೀರಿನೊಡನೆ ಬಂದ ಬ್ಯಾಕ್ಟೀರಿಯಾಗಳನ್ನು ಕೊರಳಪಟ್ಟಿಯಲ್ಲಿ ಸೋಸಿ ತಿನ್ನುವುದು ಎರಡರದೂ ಒಂದೇ ಕ್ರಮ. ಸ್ಪಂಜು ಪ್ರಾಣಿಗಳಲ್ಲಿ ತೀರ ಸರಳವಾದವುಗಳಲ್ಲೊಂದು. ಮಿದುಳಿಲ್ಲ, ನರವಿಲ್ಲ, ಬಾಯಿಯೂ ಇಲ್ಲ. ಆದರೂ ಪ್ರಾಣಿಯೇ. ಕೊರಳಪಟ್ಟಿಯ ಆ ಪುಟ್ಟ ಜೀವಿಗಳನ್ನು ಇಂದು ಕೋಯನೋಫ್ಲ್ಯಾಜಲೇಟ್‌ಗಳೆಂದು ಕರೆಯುತ್ತಾರೆ. ಗಾತ್ರದಲ್ಲಿ ಅವು ಒಂದು ಮಿಲಿಮೀಟರಿನ ನೂರನೇ ಒಂದು ಭಾಗವೂ ಇರಲಾರವು.

ಹೋಲಿಕೆಯೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾಗದು. ಕಂದಾಯ ದಾಖಲೆಯಲ್ಲಿ ವಂಶವೃಕ್ಷ ಕೇಳುವಂತೆ ವಿಜ್ಞಾನವೂ ದಾಖಲೆ ಕೇಳುತ್ತದೆ. ಅದು ದೊರೆತದ್ದು 2008ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಿಕೋಲ್ ಕಿಂಗ್ ಮತ್ತು ಸಹೋದ್ಯೋಗಿಗಳು ‘ಮೊನೊಸೈಗಾ ಬ್ರೆವಿಕೋಲಿಸ್’ ಎಂಬ ಕೋಯನೋಫ್ಲ್ಯಾಜಲೇಟಿನ ಜೀನೋಮನ್ನು ಪ್ರಕಟಿಸಿದರು. ಸುಮಾರು 9,200 ವಂಶವಾಹಿಗಳ ಆ ಪಟ್ಟಿಯಲ್ಲಿ ನಿರೀಕ್ಷೆಗೆ ಮೀರಿದ ಸಂಗತಿಗಳಿದ್ದವು. ಪ್ರಾಣಿದೇಹದಲ್ಲಿ ಒಂದು ಕೋಶ ಇನ್ನೊಂದಕ್ಕೆ ಅಂಟಿಕೊಳ್ಳಲು ನೆರವಾಗುವ ‘ಕ್ಯಾಡ್ಹೆರಿನ್’ ಗುಂಪಿನ ವಂಶವಾಹಿಗಳು ಅದರಲ್ಲಿ 23 ಇದ್ದವು. ಕೋಶಗಳು ಪರಸ್ಪರ ಸಂದೇಶ ರವಾನಿಸಲು ಬಳಸುವ ‘ಟೈರೋಸಿನ್ ಕೈನೇಸ್’ಗಳು ನೂರಕ್ಕೂ ಹೆಚ್ಚು, ಮನುಷ್ಯನಲ್ಲಿ ಇರುವುದಕ್ಕಿಂತಲೂ ಅಧಿಕ. ಒಂಟಿಯಾಗಿ ಬಾಳುವ ಜೀವಿಗೆ ಅಂಟಿಕೊಳ್ಳುವ ಹಾಗೂ ಮಾತನಾಡುವ ಸಾಧನಗಳೇಕೆ? ಬಹುಶಃ ಬ್ಯಾಕ್ಟೀರಿಯಾಗಳನ್ನು ಹಿಡಿಯಲು, ಸುತ್ತಲಿನ ಸ್ಥಿತಿಗತಿ ಅರಿಯಲು. ಪ್ರಾಣಿದೇಹ ಕಟ್ಟುವ ಇಟ್ಟಿಗೆ ಗಾರೆಗಳ ಒಂದು ಪಾಲು ಮನೆ ಕಟ್ಟುವ ಆಲೋಚನೆ ಹುಟ್ಟುವ ಮೊದಲೇ ಅಂಗಳಕ್ಕೆ ಬಂದು ಬಿದ್ದಿತ್ತು.

ಇದೇ ಬಳಗದ ‘ಸ್ಯಾಲ್ಪಿಂಜೀಕಾ ರೊಸೆಟ್ಟಾ’ ಎಂಬ ಜೀವಿ ಕೆಲವೊಮ್ಮೆ ಒಂಟಿಯಾಗಿ, ಕೆಲವೊಮ್ಮೆ ಗುಲಾಬಿಯಂತೆ ಜೋಡಿಸಿಕೊಂಡ ಗುಂಪಾಗಿ ಬಾಳುತ್ತದೆ. ಗುಂಪಾಗುವ ಬಗೆ ಇಲ್ಲಿ ಮುಖ್ಯ. ಅಲ್ಲಿ ಇಲ್ಲಿ ಅಲೆಯುತ್ತಿದ್ದ ಕೋಶಗಳು ಬಂದು ಸೇರಿ ಗುಲಾಬಿ ಕಟ್ಟುವುದಿಲ್ಲ. ಒಂದೇ ಕೋಶ ವಿಭಜಿಸಿ, ಮಕ್ಕಳು ಮನೆ ಬಿಟ್ಟು ಹೋಗದೆ ಉಳಿದಾಗ ಗುಂಪು ರೂಪುಗೊಳ್ಳುತ್ತದೆ. ನಮ್ಮ ಭ್ರೂಣ ಬೆಳೆಯುವುದೂ ಹೀಗೆಯೇ ಅಲ್ಲವೇ? ಪ್ರಯೋಗಾಲಯದಲ್ಲಿ ಈ ಗುಲಾಬಿಗಳು ಒಮ್ಮೊಮ್ಮೆ ಏರ್ಪಡುತ್ತಿದ್ದವು, ಒಮ್ಮೊಮ್ಮೆ ಇಲ್ಲ. ಇದರ ಕಾರಣವನ್ನು ಕಿಂಗ್ ತಂಡ 2012ರಲ್ಲಿ ಬಯಲಿಗೆ ತಂದಿತು. ಆ ಜೀವಿ ಆಹಾರವಾಗಿ ತಿನ್ನುವ ಬ್ಯಾಕ್ಟೀರಿಯಾಗಳಲ್ಲೊಂದು ಸ್ರವಿಸುವ ಕೊಬ್ಬಿನಂಶದ ಪದಾರ್ಥವೇ ಗುಂಪುಗೂಡಲು ಸಂಕೇತವಾಗಿತ್ತು. 2019ರಲ್ಲಿ ಇನ್ನೊಂದು ವಿಸ್ಮಯ ವರದಿಯಾಯಿತು. ಕೆರಿಬಿಯನ್ ಕಡಲಿನ ಕ್ಯುರಸಾವ್ ದ್ವೀಪದ ಬಂಡೆಗಳ ನಡುವಿನ ನೀರಿನ ಗುಂಡಿಗಳಲ್ಲಿ ಕಂಡ ‘ಕೋಯನೋಯೀಕಾ ಫ್ಲೆಕ್ಸಾ’ ಬಟ್ಟಲಿನಾಕಾರದ ಹಾಳೆಯಂತೆ ಬಾಳುತ್ತದೆ. ಬೆಳಕು ಕಡಿಮೆಯಾದೊಡನೆ ಇಡೀ ಬಟ್ಟಲು ಕೊಡೆ ಮಗುಚಿದಂತೆ ಒಳಹೊರಗಾಗಿ, ಮೇಯುವುದನ್ನು ಬಿಟ್ಟು ಈಜತೊಡಗುತ್ತದೆ. ನೂರಾರು ಕೋಶಗಳು ಏಕಕಾಲದಲ್ಲಿ ಬಾಗುವ ಈ ಕ್ರಿಯೆಯಲ್ಲಿ ಸ್ನಾಯುವಿನ ದೂರದ ನೆರಳನ್ನು ಕಾಣಬಹುದು.

ಬಾಂಧವ್ಯದ ಇನ್ನೊಂದು ದಾಖಲೆ 2024ರಲ್ಲಿ ದೊರೆಯಿತು. ದೇಹದ ಯಾವುದೇ ಅಂಗವಾಗಿ ಬೆಳೆಯಬಲ್ಲ ಕಾಂಡಕೋಶಗಳನ್ನು ರೂಪಿಸುವಲ್ಲಿ ‘ಸಾಕ್ಸ್’ ಎಂಬ ವಂಶವಾಹಿಗೆ ಪ್ರಮುಖ ಪಾತ್ರವಿದೆ. ಕೋಯನೋಫ್ಲ್ಯಾಜಲೇಟ್‌ಗಳಿಂದ ತೆಗೆದ ಸಾಕ್ಸ್ ವಂಶವಾಹಿಯನ್ನು ಇಲಿಯ ಸ್ವಂತ ವಂಶವಾಹಿಯ ಬದಲಿಗೆ ಬಳಸಿ ವಿಜ್ಞಾನಿಗಳು ಇಲಿಯ ಕೋಶಗಳನ್ನು ಕಾಂಡಕೋಶಗಳಾಗಿ ಪರಿವರ್ತಿಸಿದರು. ಅವುಗಳನ್ನು ಇಲಿಯ ಭ್ರೂಣಕ್ಕೆ ಸೇರಿಸಿದಾಗ ಹುಟ್ಟಿದ ಮರಿಯ ದೇಹದಲ್ಲಿ ಅವೂ ಪಾಲುಗೊಂಡಿದ್ದವು. ಕಾಂಡಕೋಶವೇ ಇಲ್ಲದ ಏಕಕೋಶ ಜೀವಿಯ ಸಾಧನವೊಂದು ಇಲಿಯ ದೇಹದಲ್ಲಿ ಕೆಲಸ ಮಾಡಿತು. ಹತ್ತಾರು ಕೋಟಿ ವರ್ಷಗಳ ಹಿಂದೆ ಪಾಲಾಗಿ ಹೋದ ಎರಡು ಮನೆಗಳ ಬೀಗದಕೈ ಇಂದಿಗೂ ಒಂದಕ್ಕೊಂದು ಹೊಂದುತ್ತದೆ ಎಂದಂತೆ ಇದು.

ಕೂಡುವುದಕ್ಕೆ ಮೊದಲ ಒತ್ತಡ ಎಲ್ಲಿಂದ ಬಂದಿತು? ಒಂದು ಉತ್ತರ, ತಿನ್ನುವವರ ಭಯ. ಅಮೆರಿಕದ ಮಾರ್ಟಿನ್ ಬೊರಾಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಟಿಯಾಗಿ ಬಾಳುವ ಕ್ಲೊರೆಲ್ಲಾ ಎಂಬ ಪಾಚಿಯ ನಡುವೆ ಅದನ್ನು ನುಂಗುವ ಇನ್ನೊಂದು ಏಕಕೋಶ ಜೀವಿಯನ್ನು ಬಿಟ್ಟರು. ಹೆಚ್ಚು ತಲೆಮಾರುಗಳು ಕಳೆಯುವ ಮೊದಲೇ ಪಾಚಿ ಗುಂಪುಗಟ್ಟತೊಡಗಿತು. ಮೊದಮೊದಲು ದೊಡ್ಡ ಗುಂಪುಗಳಿದ್ದು ಕಡೆಗೆ ಎಂಟು ಕೋಶಗಳ ಗುಂಪೇ ಸ್ಥಿರವಾಯಿತು. ಎಂಟಿದ್ದರೆ ಶತ್ರುವಿನ ಬಾಯಿಗೆ ಹಿಡಿಯದು. ಪ್ರತಿ ಕೋಶಕ್ಕೂ ಸುತ್ತಲಿನ ನೀರಿನಿಂದ ಪೋಷಣೆಯೂ ಸಿಗುತ್ತದೆ. ಭದ್ರತೆ ಮತ್ತು ಪೋಷಣೆಗಳ ನಡುವಿನ ಸಮತೋಲ ಅದು. 2012ರಲ್ಲಿ ವಿಲಿಯಂ ರ‍್ಯಾಟ್‌ಕ್ಲಿಫ್ ಮತ್ತು ಮೈಕೆಲ್ ಟ್ರ್ಯಾವಿಸಾನೊ ತಂಡ ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಬೆಳೆಸಿ, ಪ್ರತಿದಿನವೂ ಬೇಗ ತಳಸೇರುವ ಕೋಶಗಳನ್ನು ಮಾತ್ರ ಉಳಿಸಿಕೊಳ್ಳುತ್ತ ಹೋಯಿತು. 60 ದಿನಗಳಲ್ಲಿ, ತಾಯಿಯಿಂದ ಮಗಳು ಬೇರ್ಪಡದ, ಹಿಮದ ಹರಳಿನಂಥ ಯೀಸ್ಟ್ ಗೊಂಚಲುಗಳು ಸಿದ್ಧವಾಗಿದ್ದವು. ಅದೇ ಬಗೆಯ ಪ್ರಯೋಗವನ್ನು ಸುಮಾರು 3,000 ತಲೆಮಾರುಗಳವರೆಗೆ ಮುಂದುವರಿಸಿದಾಗ ಗೊಂಚಲುಗಳ ಗಾತ್ರ ಸುಮಾರು 20,000 ಪಟ್ಟು ಹೆಚ್ಚಿ ಬರಿಗಣ್ಣಿಗೆ ಕಾಣುವಂತಾಯಿತೆಂದು 2023ರ ವರದಿ ತಿಳಿಸಿತು. ವಿಕಾಸವನ್ನು ಕಣ್ಣಾರೆ ಕಂಡವರಿಲ್ಲ ಎನ್ನುವವರು ಈ ಪ್ರಯೋಗಗಳನ್ನು ಗಮನಿಸುವುದು ಒಳಿತು.

ಆದರೆ ಗುಂಪುಗೂಡುವುದಷ್ಟೇ ಸಾಲದು. ಸಹಕಾರ ಸಂಘದ ನೋಂದಣಿ ಸುಲಭ, ಅದನ್ನು ನಡೆಸುವುದು ಕಷ್ಟ ಎಂಬುದು ಆಡಳಿತದಲ್ಲಿದ್ದವರಿಗೆಲ್ಲ ಗೊತ್ತು. ಪಾಲು ಪಡೆಯಲು ಮುಂದೆ, ದುಡಿಯಲು ಹಿಂದೆ ಎನ್ನುವ ಸದಸ್ಯ ಎಲ್ಲ ಸಂಘಗಳಲ್ಲೂ ಇರುತ್ತಾನೆ. ಕೋಶಗಳ ಲೋಕದಲ್ಲಿ ಇದಕ್ಕೆ ನಿದರ್ಶನ ಮಣ್ಣಿನಲ್ಲಿರುವ ‘ಡಿಕ್ಟಿಯೊಸ್ಟೀಲಿಯಮ್’ ಎಂಬ ಅಮೀಬಾ. ಆಹಾರ ಇರುವಷ್ಟು ದಿನ ಪ್ರತಿ ಅಮೀಬಾ ತನ್ನ ಪಾಡಿಗೆ ಬ್ಯಾಕ್ಟೀರಿಯಾ ತಿಂದುಕೊಂಡಿರುತ್ತದೆ. ಹಸಿವು ಬಂದಾಗ ಅವು ರಾಸಾಯನಿಕ ಸಂಕೇತದ ಮೂಲಕ ಒಂದನ್ನೊಂದು ಕರೆದು, ಕೆಲವೊಮ್ಮೆ ಒಂದು ಲಕ್ಷದಷ್ಟು ಒಟ್ಟುಗೂಡಿ, ಬಸವನಹುಳುವಿನಂತೆ ತೆವಳಿ, ಕಡೆಗೆ ಪುಟ್ಟ ಕಾಂಡ ಹೊತ್ತ ಬೀಜಕೋಶವಾಗಿ ಎದ್ದು ನಿಲ್ಲುತ್ತವೆ. ಸುಮಾರು ಶೇ 20ರಷ್ಟು ಕೋಶಗಳು ಸತ್ತು ಕಾಂಡವಾಗುತ್ತವೆ. ಉಳಿದವು ಆ ಕಾಂಡದ ತುದಿಯಲ್ಲಿ ಬೀಜಕಣಗಳಾಗಿ ಹೊಸ ನೆಲಕ್ಕೆ ಹರಡುತ್ತವೆ.

ಇಲ್ಲಿ ಗುಂಪು ರೂಪುಗೊಳ್ಳುವುದು ಬೇರೆ ಬೇರೆ ಕಡೆಯಿಂದ ಬಂದು ಸೇರುವವರಿಂದ. ಹಾಗಾಗಿ ಮೋಸಕ್ಕೆ ಅವಕಾಶವಿದೆ. ಎರಡು ತಳಿಗಳನ್ನು ಬೆರೆಸಿದಾಗ ಕೆಲವು ತಳಿಗಳು ಕಾಂಡಕ್ಕೆ ತಮ್ಮ ಪಾಲಿನ ಬಲಿ ಕೊಡದೆ ಬೀಜಕಣಗಳಲ್ಲಿ ಹೆಚ್ಚು ಪಾಲು ಗಿಟ್ಟಿಸುತ್ತವೆಂದು 2000ದಲ್ಲಿ ಜೋನ್ ಸ್ಟ್ರಾಸ್‌ಮನ್, ಡೇವಿಡ್ ಕ್ವೆಲರ್ ಮತ್ತು ಸಂಗಡಿಗರು ತೋರಿಸಿದರು. ಈ ಜೀವಿಯ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಅವರು ದೀರ್ಘಕಾಲ ಈ ಸಾಮಾಜಿಕ ಅಮೀಬಾಗಳನ್ನು ಅಭ್ಯಸಿಸಿದವರು. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈ ಕಾಡಿನ ಮಣ್ಣು ಮತ್ತು ವನ್ಯಪ್ರಾಣಿಗಳ ಲದ್ದಿಯಿಂದ ಸಂಗ್ರಹಿಸಿದ ಅಮೀಬಾ ಗುಂಪುಗಳನ್ನು ಅವರ ತಂಡ ಪರಿಶೀಲಿಸಿತು. ಒಂದೇ ಗುಂಪಿನಲ್ಲಿ ಭಿನ್ನ ತಳಿಗಳು ಬೆರೆತು ಬಾಳುವುದು ನಿಸರ್ಗದಲ್ಲಿ ಅಪರೂಪವೇನಲ್ಲವೆಂದು 2010ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು. ಮೋಸದ ಸಾಧ್ಯತೆಯಿದ್ದೂ ಸಹಬಾಳ್ವೆ ಉಳಿದುಬಂದದ್ದು ಹೇಗೆಂಬ ಪ್ರಶ್ನೆಗೆ ಇದರಿಂದ ಹೊಸ ತೂಕ ಬಂದಿತು. ಏನಿದ್ದರೂ ಕೋಟ್ಯಂತರ ವರ್ಷ ಕಳೆದರೂ ಈ ಅಮೀಬಾ ಆನೆಯಾಗಲಿಲ್ಲ, ಮರವಾಗಲಿಲ್ಲ.

ಪ್ರಾಣಿಗಳು ಹಿಡಿದ ಹಾದಿ ಬೇರೆ. ನಮ್ಮ ದೇಹದ ಕೋಶಗಳೆಲ್ಲ ಒಂದೇ ಫಲಿತ ಅಂಡದ ಸಂತತಿ. ಬಾಳೆಲ್ಲ ಎಷ್ಟೇ ಬೆಳೆದರೂ ಮುಂದಿನ ತಲೆಮಾರಿಗೆ ಹೋಗುವಾಗ ಮತ್ತೆ ಒಂದೇ ಕೋಶದ ಕಿರುಬಾಗಿಲನ್ನು ದಾಟಿಯೇ ಹೋಗಬೇಕು. ಇದರಿಂದ ಎಲ್ಲ ಕೋಶಗಳ ವಂಶವಾಹಿಗಳೂ ಬಹುತೇಕ ಒಂದೇ. ಆದ್ದರಿಂದ ಯಕೃತ್ತಿನ ಕೋಶವೊಂದು ಸಂತಾನವಿಲ್ಲದೆ ಸತ್ತರೂ ಅದರ ಅನುವಂಶಿಕ ಆಸ್ತಿ ಅಂಡಾಣು ವೀರ್ಯಾಣುಗಳ ಮೂಲಕ ಮುಂದೆ ಸಾಗುತ್ತದೆ. ಬ್ರಿಟನ್ನಿನ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಹಂಗೇರಿಯ ಓರ್ಸ್ ಸಾತ್ಮಾರಿ 1995ರ ತಮ್ಮ ಗ್ರಂಥದಲ್ಲಿ ಜೀವವಿಕಾಸದ ಮಹಾ ಪರಿವರ್ತನೆಗಳನ್ನು ಈ ದೃಷ್ಟಿಯಿಂದ ವಿವೇಚಿಸಿದರು: ಹಿಂದೆ ಸ್ವತಂತ್ರವಾಗಿ ಸಂತಾನ ಪಡೆಯಬಲ್ಲವರಾಗಿದ್ದವರು ಪರಿವರ್ತನೆಯ ನಂತರ ದೊಡ್ಡದೊಂದು ಘಟಕದ ಭಾಗವಾಗಿ ಮಾತ್ರ ಮುಂದುವರಿಯಬಲ್ಲರು. ಒಂಟಿ ಕೋಶದಿಂದ ಪ್ರಾಣಿಯವರೆಗಿನ ನಿಜವಾದ ಕೊಂಡಿ ಇರುವುದು ಇಲ್ಲಿ. ಅಂಟಿಕೊಳ್ಳುವ ಅಂಟು ಹಳೆಯದು, ಮಾತನಾಡುವ ಸಂಕೇತ ಹಳೆಯದು. ಹೊಸದಾಗಿ ಬೇಕಾದದ್ದು ಸಂಯಮದ ಕಟ್ಟುಪಾಡು, ಮತ್ತು ಅದನ್ನು ಕಾಯುವ ವ್ಯವಸ್ಥೆ.

ಆ ಕಟ್ಟುಪಾಡು ಮುರಿದರೆ ಏನಾಗುತ್ತದೆಂಬುದು ಪ್ರತಿ ಊರಿನ, ಬಹುಶಃ ಪ್ರತಿ ಕುಟುಂಬದ ಅನುಭವ. ಅದರ ಹೆಸರು ಕ್ಯಾನ್ಸರ್. ನಮ್ಮ ದೇಶದಲ್ಲಿ 2022ರಲ್ಲಿ 14 ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ಉಂಟಾದವೆಂದು ಅಂದಾಜು. ಮನುಷ್ಯನ ದೇಹದಲ್ಲಿರುವ ಕೋಶಗಳು ಸುಮಾರು 30 ಲಕ್ಷ ಕೋಟಿ. ಕೇಂದ್ರ ಸರ್ಕಾರದ ಆಯವ್ಯಯ ಪತ್ರದಲ್ಲಿ ಮಾತ್ರ ನಾವು ಕಾಣುವಂಥ ಸಂಖ್ಯೆ. ಇಷ್ಟು ಸದಸ್ಯರಲ್ಲಿ ಒಬ್ಬನೇ ಒಬ್ಬ ಒಪ್ಪಂದ ಮುರಿದು, ತನ್ನ ಕೆಲಸ ಬಿಟ್ಟು, ತನ್ನ ಸಂತಾನವನ್ನಷ್ಟೇ ಹೆಚ್ಚಿಸಿಕೊಳ್ಳತೊಡಗಿದರೆ ಗಂತಿ ಆರಂಭವಾಗುತ್ತದೆ. ‘ರೆಗ್-ಎ’ ಕೆಟ್ಟ ವಾಲ್ವಾಕ್ಸ್ ಕೋಶ ಮಾಡಿದ್ದೂ ಇಂಥದ್ದೇ ಅಲ್ಲವೇ? ಕ್ಯಾನ್ಸರಿಗೆ ಸಂಬಂಧಿಸಿದ ವಂಶವಾಹಿಗಳ ವಯಸ್ಸನ್ನು ಲೆಕ್ಕಹಾಕಿದ 2010ರ ಜರ್ಮನ್ ಅಧ್ಯಯನವೊಂದು, ಅವುಗಳಲ್ಲಿ ಬಹಳಷ್ಟು ಎರಡು ಕಾಲಘಟ್ಟಗಳಲ್ಲಿ ಮೂಡಿದವೆಂದು ಕಂಡುಕೊಂಡಿತು. ಒಂದು, ಮೊದಲ ಕೋಶ ಹುಟ್ಟಿದ ಕಾಲ. ಇನ್ನೊಂದು, ಬಹುಕೋಶ ಪ್ರಾಣಿಗಳು ರೂಪುಗೊಂಡ ಕಾಲ. ಕಾವಲುಗಾರರ ನೇಮಕಾತಿಯೂ ಸಂಘದ ಸ್ಥಾಪನೆಯೂ ಒಟ್ಟಿಗೇ ನಡೆದಿವೆ.

ಕಾವಲು ಎಷ್ಟು ಬಲವಾಗಿರಬಲ್ಲದೆಂಬುದಕ್ಕೆ ಆನೆ ಸಾಕ್ಷಿ. ಕೋಶಗಳು ಹೆಚ್ಚಿದಷ್ಟೂ ಮೋಸಗಾರರು ಹುಟ್ಟುವ ಸಂಭವ ಹೆಚ್ಚಬೇಕು. ಲೆಕ್ಕದ ಪ್ರಕಾರ ಆನೆಗೆ ನಮಗಿಂತ ಬಹಳ ಹೆಚ್ಚು ಕ್ಯಾನ್ಸರ್ ಬರಬೇಕು. ಆದರೆ ಹಾಗಾಗುವುದಿಲ್ಲ. ಹಾನಿಗೊಂಡ ಕೋಶವನ್ನು ದುರಸ್ತಿಗೆ ಅಥವಾ ಆತ್ಮನಾಶಕ್ಕೆ ದೂಡುವ ‘ಪಿ-53’ ಎಂಬ ಕಾವಲು ವಂಶವಾಹಿಯ 20ರಷ್ಟು ಪ್ರತಿಗಳು ಆನೆಯಲ್ಲಿವೆಯೆಂದು 2015ರಲ್ಲಿ ತಿಳಿದುಬಂತು, ನಮ್ಮಲ್ಲಿರುವುದು ಒಂದೇ. ಇನ್ನೊಂದು ತುದಿಯ ಉದಾಹರಣೆ ನಮ್ಮ ಬೀದಿನಾಯಿಗಳಲ್ಲೇ ಇದೆ. ನಾಯಿಗಳ ಜನನಾಂಗದಲ್ಲಿ ಕಾಣುವ ಒಂದು ಬಗೆಯ ಗಂತಿ ಸಂಪರ್ಕದಿಂದ ಹರಡುತ್ತದೆಂದು ಪಶುವೈದ್ಯರು ಬಲ್ಲರು. ಅಲ್ಲಿ ಹರಡುವುದು ವೈರಾಣುವಲ್ಲ, ಗಂತಿಯ ಕೋಶವೇ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದು ನಾಯಿಯ ಕೋಶ ತನ್ನ ಒಡೆಯ ಸತ್ತ ಮೇಲೂ ನಾಯಿಯಿಂದ ನಾಯಿಗೆ ದಾಟುತ್ತ ಇಂದಿಗೂ ಬದುಕಿದೆ. ಸಂಘದಿಂದ ಹೊರಬಿದ್ದು ಮತ್ತೆ ಒಂಟಿ ಬಾಳಿಗೆ ಮರಳಿದ ಕೋಶವದು. ಹೋದ ದಾರಿಯಲ್ಲಿ ಹಿಂದಿರುಗಲೂ ಸಾಧ್ಯವೆಂದಾದರೆ, ಆ ದಾರಿ ಇತ್ತೆಂಬುದಕ್ಕೆ ಬೇರೆ ಪುರಾವೆ ಏಕೆ?

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಬೇಕು. ಮೊದಲನೆಯದು, ಇದು ಕೆಳಗಿನಿಂದ ಮೇಲಕ್ಕೆ ಏರುವ ಏಣಿಯೆಂದು ಭಾವಿಸಕೂಡದು. ಗೋನಿಯಮ್ ‘ಇನ್ನೂ ಮೇಲೇರದ’ ವಾಲ್ವಾಕ್ಸ್ ಅಲ್ಲ. ತನ್ನ ಹೊಂಡದಲ್ಲಿ ಅದು ಪರಿಪೂರ್ಣವಾಗಿಯೇ ಬಾಳುತ್ತಿದೆ. ಮೊದಲ ಪ್ರಾಣಿ ಇಂದಿನ ಕೋಯನೋಫ್ಲ್ಯಾಜಲೇಟಿನಿಂದ ಹುಟ್ಟಿದ್ದೂ ಅಲ್ಲ. ಇಬ್ಬರಿಗೂ ಸಮಾನ ಪೂರ್ವಜನೊಬ್ಬನಿದ್ದ. ಪ್ರಾಣಿಗಳ ವಂಶವೃಕ್ಷದ ಮೊದಲ ಕವಲು ಸ್ಪಂಜುಗಳದೋ ಬಾಚಣಿಗೆ ಜೆಲ್ಲಿಗಳದೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. 2023ರ ಅಧ್ಯಯನವೊಂದು ವರ್ಣತಂತುಗಳ ರಚನೆಯ ಆಧಾರದಿಂದ ಬಾಚಣಿಗೆ ಜೆಲ್ಲಿಗಳ ಪರವಾಗಿ ವಾದಿಸಿತು. ವಿವರಗಳ ಬಗ್ಗೆ ಇಂಥ ಜಗಳ ನಡೆಯುವುದು ವಿಜ್ಞಾನದ ಆರೋಗ್ಯದ ಲಕ್ಷಣವೇ ಹೊರತು ಸಿದ್ಧಾಂತದ ದೌರ್ಬಲ್ಯವಲ್ಲ.

ಎರಡನೆಯದು ಹೆಚ್ಚು ಗಂಭೀರವಾದದ್ದು. ಕೋಶಗಳ ಈ ಕಥೆಯನ್ನು ಸಮಾಜಕ್ಕೆ ಅನ್ವಯಿಸುವ ಆಕರ್ಷಣೆ ಹಳೆಯದು. ಹರ್ಬರ್ಟ್ ಸ್ಪೆನ್ಸರ್ 1860ರಲ್ಲಿಯೇ ಸಮಾಜವನ್ನು ಜೀವಿದೇಹಕ್ಕೆ ಹೋಲಿಸಿ ಪ್ರಬಂಧ ಬರೆದಿದ್ದ. ಸಮಾಜದಲ್ಲಿ ಕೆಲವರು ತಲೆ, ಕೆಲವರು ಕಾಲು. ಕಾಲು ತಲೆಯಾಗಲು ಬಯಸಬಾರದು ಎಂಬ ವಾದ ನಮಗೂ ಅಪರಿಚಿತವಲ್ಲ. ಜೀವವಿಜ್ಞಾನ ಇದಕ್ಕೆ ಬೆಂಬಲ ಕೊಡುವುದಿಲ್ಲ. ದೇಹದ ಕೋಶ ತನ್ನನ್ನು ತೆತ್ತುಕೊಳ್ಳುವುದು, ಅಂಡಾಣುವಿನಲ್ಲಿರುವುದೂ ತನ್ನದೇ ಪ್ರತಿಯಾದ್ದರಿಂದ. ನಾಗರಿಕರು ಒಬ್ಬರು ಇನ್ನೊಬ್ಬರ ಪ್ರತಿಗಳಲ್ಲ. ಪ್ರತಿಯೊಬ್ಬನಿಗೂ ಅವನದೇ ಬಾಳು, ಅವನದೇ ಮಕ್ಕಳು, ಅವನದೇ ಅಭಿಪ್ರಾಯ ಇವೆ. ವಾಲ್ವಾಕ್ಸ್‌ನ ಹೊರಮೈಯ ಕೋಶಕ್ಕೆ ರಾಜೀನಾಮೆ ಕೊಡುವ ಹಕ್ಕಿಲ್ಲ. ಸಂವಿಧಾನದ ಪ್ರಜೆಗೆ ಇದೆ, ಇರಬೇಕು. ಮನುಷ್ಯರು ಒಟ್ಟಿಗೆ ಬಾಳಲು ಬೇಕಾದ ನಿಯಮಗಳನ್ನು ಮಾತುಕತೆಯಿಂದಲೇ ಕಟ್ಟಿಕೊಳ್ಳಬೇಕು. ಕೋಶದಿಂದ ನಾವು ಕಲಿಯಬಹುದಾದದ್ದು ಇಷ್ಟೇ: ಸಹಕಾರ ತಾನಾಗಿ ಉಳಿಯುವುದಿಲ್ಲ, ಅದಕ್ಕೆ ಕಾವಲು ಬೇಕು.

ಈ ಎಲ್ಲ ವಿಚಾರ ಈಗೇಕೆ ಎಂದು ಕೇಳಬಹುದು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪಠ್ಯದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಪಠ್ಯದ ಹೊರೆ ಇಳಿಸುವುದು ಉದ್ದೇಶವೆಂದೂ ಹನ್ನೆರಡನೇ ತರಗತಿಯಲ್ಲಿ ಆ ವಿಷಯ ಇದ್ದೇ ಇದೆಯೆಂದೂ ಸಮರ್ಥನೆ ಬಂದಿತು. ಆದರೆ ಹನ್ನೆರಡರಲ್ಲಿ ಜೀವವಿಜ್ಞಾನ ಓದುವವರು ಎಷ್ಟು ಮಂದಿ? ಹತ್ತರ ನಂತರ ವಾಣಿಜ್ಯಕ್ಕೋ ಕಲೆಗೋ ಐಟಿಐಗೋ ಹೋಗುವ ಮಕ್ಕಳೇ ನಾಳಿನ ಗುಮಾಸ್ತರು, ವಕೀಲರು, ಶಾಸಕರು. ತಮ್ಮ ತಾಯಿಗೆ ಬಂದ ಕ್ಯಾನ್ಸರ್ ಯಾರ ಶಾಪವೂ ಅಲ್ಲ, ಕೋಟ್ಯಂತರ ವರ್ಷಗಳ ಹಿಂದೆ ಆದ ಒಪ್ಪಂದವೊಂದು ಕೋಶದೊಳಗೆ ಮುರಿದದ್ದು ಎಂಬ ತಿಳಿವಳಿಕೆ ಅವರಿಗೆ ಬೇಡವೇ?

ಇದಕ್ಕೆ ಭಾರಿ ವೆಚ್ಚವೇನೂ ಇಲ್ಲ. ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ 2014ರಲ್ಲಿ ಲೋಕಕ್ಕೆ ಪರಿಚಯಿಸಿದ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕದ ಬಿಡಿಭಾಗಗಳ ಬೆಲೆ ಆಗ ಒಂದು ಡಾಲರಿಗಿಂತ ಕಡಿಮೆಯಿತ್ತು. ವಾಲ್ವಾಕ್ಸ್ ಗೋಲವನ್ನು ನೋಡಲು ಅದು ಧಾರಾಳವಾಗಿ ಸಾಕು. ತಿಳಿನೀರಿನ ಕೆರೆಯೋ ಹೊಂಡವೋ ಇರುವ ಊರಿನ ಶಾಲೆಯ ಮೇಷ್ಟರು ಒಂದು ಲೋಟ ಹಸಿರುನೀರು ತಂದು ಮೇಜಿನ ಮೇಲಿಟ್ಟರೆ, ಒಂಟಿಕೋಶಗಳೂ ಗುಂಪುಗಳೂ ಒಂದೇ ಹನಿಯಲ್ಲಿ ಕಾಣಸಿಗಬಹುದು. ನಡುವಿನ ಕೊಂಡಿ ಎಲ್ಲಿದೆಯೆಂದು ಕೇಳುವ ಹಿರಿಯರನ್ನೂ ಆ ದಿನ ಶಾಲೆಗೆ ಕರೆಯುವುದು ಒಳ್ಳೆಯದು.